ಬೋರಲಿಂಗನ ಮೊದಲ ನೆಗಡಿ

ನಮ್ಮೂರಿನಲ್ಲಿ ಸೀನಲು ಬರುತ್ತಿದ್ದದ್ದು ಒಬ್ಬಳಿಗೆ ಮಾತ್ರ. ಹಿಟ್ಟಿನ ಗಿರಣಿ ಮೈಲಾರಪ್ಪನ ಸೊಸೆ ಸುವರ್ಣ. ಆಕೆ ಹೊರಗಿನಿಂದ ಬಂದವಳು. ಮಳೆ ಹಿಡಿದು ಆಕೆಗೆ ನೆಗಡಿಯಾಯಿತೆಂದರೆ ಊರಿನ ಮಕ್ಕಳೆಲ್ಲ ಆ ಮನೆಯ ಜಗಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಿದ್ದವು. ಆಕೆ ಮೂಗು ಸೊಟ್ಟ ಮಾಡಿದರೆ ಇವೂ ಮಾಡುವವು. ಸೀನು ಬಂದಾಗ ಚಪ್ಪಾಳೆ. ಮೊದಮೊದಲು ಆಕೆ ನಾಚಿ ಒಳಗೆ ಓಡುತ್ತಿದ್ದಳು. ಆಮೇಲಾಮೇಲೆ ಮಕ್ಕಳು ಶಾಲೆ ಬಿಟ್ಟು ಬರುವ ತನಕ ತಡೆದು ಇಟ್ಟುಕೊಳ್ಳುವುದನ್ನು ಕಲಿತಳು.

ನಮಗೆ ಅಂಥದ್ದೇನೂ ಬರುತ್ತಿರಲಿಲ್ಲ. ನಮ್ಮದೆಲ್ಲ ಮೀನಿಗೆ ಬರುತ್ತಿತ್ತು.

ಮಗು ಹುಟ್ಟಿದ ಮನೆಯಲ್ಲಿ ತೊಟ್ಟಿಲಿಗಿಂತ ಮೊದಲು ಕಲ್ಲುಬಾನಿ ತರಿಸುತ್ತಿದ್ದರು. ಕೆರೆಯಿಂದ ಒಂದು ಗೆಂಡೆ ಮರಿ ಹಿಡಿದು ತಂದು ಅದರಲ್ಲಿ ಬಿಟ್ಟು, ಆ ನೀರಿನಲ್ಲಿ ಮಗುವಿನ ಮುಖ ತೊಳೆದರೆ ಮುಗಿಯಿತು. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಅವರವರ ಬಾನಿಯಿಂದ ಒಂದು ಬೊಗಸೆ ನೀರು ಅವರವರ ಮುಖಕ್ಕೆ. ಜ್ವರ, ನೆಗಡಿ, ವಾಂತಿಭೇದಿ, ಅಮ್ಮ, ಎಲ್ಲ ಮೀನಿನ ಪಾಲು. ಮೀನು ಎರಡು ದಿನ ವಾರೆಯಾಗಿ ಮಲಗಿ, ಮೂರನೇ ದಿನ ಎದ್ದು ಮಂಡಕ್ಕಿ ಕೇಳುತ್ತಿತ್ತು. ಕಾಲು ಮುರಿದರೆ, ಹಲ್ಲು ಹುಳುಕಾದರೆ, ಹೆಂಡತಿ ಮಾತು ಬಿಟ್ಟರೆ ಅದು ನಮ್ಮದೇ. ಅದಕ್ಕೆಲ್ಲ ಮೀನು ತಲೆ ಹಾಕುತ್ತಿರಲಿಲ್ಲ.

ಶಾಲೆಯಲ್ಲಿ ರಜೆ ಕೇಳುವ ಮಕ್ಕಳು 'ನನ್ನ ಮೀನಿಗೆ ಹುಷಾರಿಲ್ಲದ ಕಾರಣ' ಅಂತ ಬರೆಯುತ್ತಿದ್ದರು. ಮೇಷ್ಟ್ರು ಮನೆಗೆ ಬಂದು ಬಾನಿ ಬಗ್ಗಿ ನೋಡುತ್ತಿದ್ದರು. ನಮ್ಮೂರಿಗೆ ವರ್ಗವಾಗಿ ಬಂದ ಸರ್ಕಾರಿ ಡಾಕ್ಟರು ಚೌಕಾಬಾರದಲ್ಲಿ ಇಡೀ ಊರನ್ನು ಸೋಲಿಸುವಷ್ಟು ಪಳಗಿದ್ದರು. ಬೇರೆ ಕೆಲಸ ಏನಿತ್ತು? ನಾನು ಬಾಡಿಗೆ ಸೈಕಲ್ ಅಂಗಡಿಯವನು. ಬಿದ್ದು ಮಂಡಿ ಕೆತ್ತಿಕೊಂಡವರನ್ನು ಅವರ ಹತ್ತಿರ ಕಳಿಸುತ್ತಿದ್ದದ್ದು ನಾನೊಬ್ಬನೇ. ಅದಕ್ಕೆ ಅವರಿಗೆ ನನ್ನ ಮೇಲೆ ತುಂಬ ಪ್ರೀತಿ.

ಮನುಷ್ಯ ಸತ್ತರೆ ಅವನ ಮೀನನ್ನು ಕೆರೆಗೆ ಬಿಟ್ಟು ಕೈ ಮುಗಿಯುತ್ತಿದ್ದೆವು. ಆದರೆ ಮೀನೇ ಮೊದಲು ಸತ್ತರೆ ಅವನನ್ನು ಬರಿಬಾನಿಯವನು ಅನ್ನುತ್ತಿದ್ದರು, ದನಿ ತಗ್ಗಿಸಿ. ಗಾಣದ ಸಿದ್ರಾಮಪ್ಪ ಹಾಗೆ ಬರಿಬಾನಿಯಾದವನು. ಆನೆಯಂಥ ಆಳು, ಗಾಣದ ಎತ್ತು ಮಲಗಿದರೆ ತಾನೇ ನೊಗಕ್ಕೆ ಹೆಗಲು ಕೊಡುತ್ತಿದ್ದ. ಸುವರ್ಣ ಸೀನಿದ ನೆಗಡಿಯೇ ಅವನಿಗೂ ತಗುಲಿತು. ಸುವರ್ಣ ಮೆಣಸಿನ ಕಷಾಯ ಕುಡಿದು ಎದ್ದು ಹಿಟ್ಟು ಬೀಸಲು ಹೋದಳು. ಸಿದ್ರಾಮಪ್ಪನನ್ನು ವಾರದೊಳಗೆ ಮಣ್ಣು ಮಾಡಿ ಬಂದೆವು.

ಇಷ್ಟು ಹೇಳಿದ ಮೇಲೆ ಬೋರಲಿಂಗನ ವಿಷಯಕ್ಕೆ ಬರಬಹುದು. ಬೋರಲಿಂಗ ನನ್ನ ತಂಗಿ ಹೊಂಬಾಳೆಯ ಗಂಡ. ಕಲಾಯಿ ಹಾಕುವವನು. ತಿದಿ ಒತ್ತಿ ಇದ್ದಿಲು ಉರಿಸಿ, ಹಿತ್ತಾಳೆ ಪಾತ್ರೆಗೆ ನವಸಾಗರ ಎರಚಿ ತವರ ಸವರಿದನೆಂದರೆ ಅದರೊಳಗೆ ಮುಖ ನೋಡಿಕೊಂಡು ಮೀಸೆ ಕತ್ತರಿಸಬಹುದಿತ್ತು. ಅವನಿಗೆ ಮಬ್ಬಾಗಿರುವುದು ಯಾವುದೂ ಸೇರುತ್ತಿರಲಿಲ್ಲ. ನನ್ನ ಅಂಗಡಿಗೆ ಬಂದರೆ ಮಾತಾಡುತ್ತ ಮಾತಾಡುತ್ತಲೇ ಸೈಕಲ್ ಗಂಟೆಯನ್ನು ಪಂಚೆಯಿಂದ ಉಜ್ಜುತ್ತಿದ್ದ. ಅವರಿಗೆ ಮದುವೆಯಾಗಿ ಬಹಳ ವರ್ಷದ ಮೇಲೆ ಹುಟ್ಟಿದವಳು ತುಂಗಿ. ಎರಡನೇ ಕ್ಲಾಸು. ಅವಳ ಬಾನಿ ಬೀದಿ ಕಡೆ ಜಗಲಿಯ ಪಕ್ಕದಲ್ಲಿ, ಬೆಳಗಿನ ಬಿಸಿಲು ಬೀಳುವ ಕಡೆ. ಶಾಲೆಯಲ್ಲಿ ನಡೆದದ್ದನ್ನೆಲ್ಲ ಅವಳು ಸಂಜೆ ಮೀನಿಗೆ ವರದಿ ಮಾಡುತ್ತಿದ್ದಳು. ಅವಳು ಮಾತು ನಿಲ್ಲಿಸುವ ತನಕ ಅದು ಬಾಯಿ ತೆರೆದು ಮುಚ್ಚಿ ಹೂಂಗುಟ್ಟುತ್ತಿತ್ತು.

ಒಂದು ದಿನ ಪಂಚಾಯ್ತಿ ಅಧ್ಯಕ್ಷರು ಜನ ಸೇರಿಸಿ ಹೇಳಿದರು, "ಪಟ್ನದಿಂದ ಒಬ್ರು ಡಾಕ್ಟ್ರಮ್ಮ ಬತ್ತಾವ್ರೆ. ಚಾರುಮತಿ ಅಂತ. ಮೀನಿನ ಮೈ ರೋಗನ ಹೆಂಗೆ ತಡ್ಕತ್ತದೆ ಅಂತ ಸಂಶೋಧನೆ ಮಾಡೋರು. ನಮ್ಮೂರು ಮೀನುಗಳ್ನ ನೋಡ್ಬೇಕಂತೆ. ಮನೆ ಮನೆಗೂ ಬತ್ತಾರೆ."

ಸಭೆಯಲ್ಲಿ ಎಲ್ಲರೂ ಒಂದೇ ಸಲ ತಲೆ ತಗ್ಗಿಸಿದರು. ಯಾಕೆಂದರೆ ಎಲ್ಲರಿಗೂ ನೆನಪಾದದ್ದು ಒಂದೇ: ಲೋಳೆ. ನಮ್ಮ ಮೀನುಗಳ ಮೈಮೇಲೆ ಬೆರಳಿಟ್ಟರೆ ಅಂಟುವಷ್ಟು ಲೋಳೆ. ಪಟ್ಟಣದ ಹೆಂಗಸು, ಓದಿದವರು, ಕೈ ಹಾಕಿ ನೋಡಿದರೆ ಏನಂದುಕೊಂಡಾರು?

"ಒಂದ್ ಸ್ನಾನ ಮಾಡಿಸ್ಬುಡಾದು," ಅಂದ ಯಾರೋ. ಎಲ್ಲರೂ ಬೋರಲಿಂಗನ ಕಡೆ ತಿರುಗಿದರು.

ಆ ವಾರ ಬೋರಲಿಂಗ ಒಂದು ಪಾತ್ರೆ ಮುಟ್ಟಲಿಲ್ಲ. ಸೀಗೆಪುಡಿ, ಹುಣಸೆಹಣ್ಣು, ಜರಡಿ ಹಿಡಿದ ಬೂದಿ, ಮೆತ್ತಗಿನ ತೆಂಗಿನ ನಾರು ಇಟ್ಟುಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ಮೀನು ತಿಕ್ಕುತ್ತ ಹೋದ. ಮಗುವಿಗೆ ಎರೆಯುವ ಹಾಗೆ ಒಂದೊಂದನ್ನೂ ತೊಡೆಯ ಮೇಲೆ ಮಲಗಿಸಿಕೊಂಡು, ಕಿವಿರಿಗೆ ನೀರು ಬಿಡುತ್ತ, "ಸುಮ್ಕಿರು, ಸುಮ್ಕಿರು, ಆಗೋಯ್ತು" ಅನ್ನುತ್ತ ಉಜ್ಜಿದ. ನನ್ನದನ್ನೂ ಉಜ್ಜಿದ. ಆಮೇಲೆ ಬಹಳ ದಿನ ನನ್ನ ಮೀನು ನನ್ನ ಕಡೆ ಬೆನ್ನು ಹಾಕಿಯೇ ಇತ್ತು. ಆದರೆ ಹೊಳಪು ಅಂದರೆ ಹೊಳಪು. ಬೆಳಿಗ್ಗೆ ಬೀದಿಯಲ್ಲಿ ನಡೆದರೆ ಎರಡೂ ಕಡೆಯ ಬಾನಿಗಳಿಂದ ಕಣ್ಣಿಗೆ ಕುಕ್ಕುತ್ತಿತ್ತು.

ತುಂಗಿಯ ಮೀನನ್ನು ಎಲ್ಲರಿಗಿಂತ ಮೊದಲು ಉಜ್ಜಿದ್ದ. ಕೊನೆಯ ದಿನ ತೃಪ್ತಿಯಾಗದೆ ಇನ್ನೊಮ್ಮೆ ಉಜ್ಜಿದ. ಡಾಕ್ಟ್ರಮ್ಮನ ಬಸ್ಸು ಬರುವ ಬೆಳಿಗ್ಗೆ, ನಾರಿನಿಂದಲ್ಲ, ಹೆಂಡತಿಯ ಹಳೇ ರೇಷ್ಮೆ ಸೀರೆಯ ತುಂಡಿನಿಂದ ಮತ್ತೊಮ್ಮೆ.

"ಅಪ್ಪ, ಅದ್ಕೆ ಉರೀತದಂತೆ," ಅಂದಳು ತುಂಗಿ.

"ನಿಂಗೆ ಹೇಳ್ತಾ?"

"ಹೂಂ. ಬಾಯಿ ಮುಚ್ಚೇ ಇಲ್ಲ ನೋಡು."

"ಅಂದ ಚಂದ ಅಂದ್ರೆ ವಸಿ ಉರೀತದೆ ಕಣವ್ವ," ಅಂದ ಬೋರಲಿಂಗ.

ಚಾರುಮತಿಯವರು ಬಸ್ಸಿನಿಂದ ಇಳಿದವರೇ ಸೀನಿದರು. ದಾರಿಯಲ್ಲಿ ಕಿಟಕಿ ಗಾಳಿಗೆ ನೆಗಡಿ ಹಿಡಿದಿತ್ತಂತೆ. ಮಕ್ಕಳು ಹುಚ್ಚೆದ್ದು ಚಪ್ಪಾಳೆ ತಟ್ಟಿದವು. ಅದು ತಮಗೆ ಸ್ವಾಗತ ಎಂದುಕೊಂಡು ಆಕೆ ಕೈ ಮುಗಿದು ಇನ್ನೊಮ್ಮೆ ಸೀನಿದರು. ಸಣ್ಣ ಮೈಕಟ್ಟಿನ, ಕನ್ನಡಕದ ಹೆಂಗಸು. ಸಾಮಾನೆಲ್ಲ ಎರಡು ಕಬ್ಬಿಣದ ಪೆಟ್ಟಿಗೆ. ಅಧ್ಯಕ್ಷರು ಆಕೆಯನ್ನು ನೇರವಾಗಿ ಬೋರಲಿಂಗನ ಮನೆಗೆ ಕರೆತಂದರು. ಊರಿನಲ್ಲಿ ಅತಿ ಹೊಳೆಯುವ ಮೀನು ಅಲ್ಲಿತ್ತಲ್ಲ.

ಆಕೆ ಬಾನಿಯ ಅಂಚಿನಲ್ಲಿ ಕೂತು ಕೈ ನೀರಿಗಿಳಿಸಿದರು. ಮೀನಿನ ಬೆನ್ನ ಮೇಲೆ ಬೆರಳು ಎಳೆದರು. ಮತ್ತೆ ಎಳೆದರು. ಬೆರಳುಗಳನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಇದರ ಲೋಳೆ ಎಲ್ಲಿ?"

ಅಧ್ಯಕ್ಷರು ಎದೆ ಉಬ್ಬಿಸಿದರು. "ಒಂದ್ ತೊಟ್ಟೂ ಉಳಿಸಿಲ್ಲ ಮೇಡಂ. ಇಡೀ ಊರು."

ಚಾರುಮತಿ ಕೈ ಕೊಡವಿಕೊಂಡರು. ಬೀದಿಯುದ್ದಕ್ಕೂ ಹೊಳೆಯುತ್ತಿದ್ದ ಬಾನಿಗಳನ್ನು ನೋಡಿದರು. ಆಮೇಲೆ ಮೆಲ್ಲಗೆ, ಬೈಯುವ ದನಿಯಲ್ಲಲ್ಲ, ಹೇಳಿದರು, "ಸಾರ್, ಅದು ಕೊಳೆ ಅಲ್ಲ. ಮೀನು ಕಾಯಿಲೆನ ಮೊದಲು ತಡೆಯೋದೇ ಅದರಲ್ಲಿ. ಅದರ ಮದ್ದೆಲ್ಲ ಆ ಲೋಳೆಯಲ್ಲೇ ಇರೋದು. ನೀವು ಮನೆ ಚೊಕ್ಕಟ ಮಾಡ್ತೀವಿ ಅಂತ ಬಾಗಿಲೇ ಕಿತ್ತು ಹಾಕಿದ್ದೀರ."

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಆಕೆಗೆ ಮತ್ತೆ ಸೀನು ಬಂತು. ತುಂಗಿ ಅಲ್ಲೇ, ಆಕೆಯ ಮೊಣಕಾಲಿನ ಹತ್ತಿರ ನಿಂತು, ಬಾಯಿ ತೆರೆದುಕೊಂಡು ನೋಡುತ್ತಿದ್ದಳು.

ಆ ನೆಗಡಿ ಊರು ಹಬ್ಬಲು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ನಮಗೆ ಏನೂ ಆಗಲಿಲ್ಲ, ಉಂಡೆವು, ಮಲಗಿದೆವು. ಬೆಳಿಗ್ಗೆ ಮುಖ ತೊಳೆಯಲು ಹೋದರೆ ಮೀನುಗಳೆಲ್ಲ ವಾರೆಯಾಗಿದ್ದವು. ಚಾರುಮತಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮನೆ ಮನೆಗೂ ಓಡಿದರು. ಬಾನಿಯ ಒಂದು ತುದಿಗೆ ಬಿಸಿನೀರಿನ ತಂಬಿಗೆ ಇಳಿಬಿಡಿ, ಇನ್ನೊಂದು ತುದಿ ತಣ್ಣಗೇ ಇರಲಿ, ಮೀನೇ ಆರಿಸಿಕೊಳ್ಳಲಿ ಅಂದರು. ಬಹಳ ಮೀನುಗಳನ್ನು ಬೋರಲಿಂಗ ಒಂದೇ ಸಲ ಉಜ್ಜಿದ್ದ. ಅವು ಬಿಸಿಯ ಕಡೆ ಮಲಗಿ, ಮೈಯಲ್ಲಿ ಮತ್ತೆ ಒಂದಿಷ್ಟು ಲೋಳೆ ಒಸರಿಸಿಕೊಂಡು, ಹೇಗೋ ಎದ್ದವು.

ತುಂಗಿಯದು ಏಳಲಿಲ್ಲ.

ಬೋರಲಿಂಗ ಕೆರೆಗೂ ಮನೆಗೂ ಓಡಾಡಿ ತಣ್ಣನೆಯ ಹೊಸ ನೀರು ತಂದು ತಂದು ಸುರಿಯುತ್ತಿದ್ದ. ಚಾರುಮತಿ ಅವನ ಕೈಯಿಂದ ಬಿಂದಿಗೆ ಕಿತ್ತುಕೊಂಡರು.

"ಸಾಕು ಬೋರಲಿಂಗಪ್ಪ! ಅದಕ್ಕೆ ಈಗ ಜ್ವರ ಬೇಕು. ನಮ್ಮ ಹಾಗೆ ಅದಕ್ಕೆ ಒಳಗೆ ಕಾವು ಹುಟ್ಟಲ್ಲ. ಕಾಯಿಲೆ ಬಿದ್ದರೆ ಬಿಸಿ ನೀರು ಎಲ್ಲಿದೆ ಅಂತ ಹುಡುಕಿಕೊಂಡು ಹೋಗುತ್ತೆ. ನೀವು ಅದರ ಜ್ವರನ ಆರಿಸ್ತಾ ಇದ್ದೀರ."

ಬೋರಲಿಂಗ ಕೈ ಕೆಳಗೆ ಬಿಟ್ಟು ನಿಂತ. ಮಾಡಿದ್ದೆಲ್ಲ ಪ್ರೀತಿಯಿಂದಲೇ ಮಾಡಿದ್ದ, ಮಾಡಿದ್ದೆಲ್ಲ ತಿರುಗಿ ಬಡಿದಿತ್ತು. ಆಮೇಲೆ ಅವನು ಏನನ್ನೂ ಮುಟ್ಟಲು ಹೆದರಿದ. ಮಗಳ ತಲೆ ಸವರಲೂ ಹೆದರಿ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಓಡಾಡಿದ.

ಹೊಂಬಾಳೆ ನನ್ನನ್ನು ಕರೆಸಿದಳು. ನಾನು ಹೋದಾಗ ಮೀನು ಬಿಸಿ ತಂಬಿಗೆಗೆ ಒತ್ತಿಕೊಂಡಿತ್ತು. ಮೈಮೇಲೆ ಬಿಳಿ ಮಚ್ಚೆ, ರೆಕ್ಕೆಯ ಅಂಚು ಹರಿದ ಗಾಳಿಪಟದ ಹಾಗೆ. ತುಂಗಿ ಪಕ್ಕದಲ್ಲಿ ಕೂತು ಎರಡರ ಮಗ್ಗಿ ಹೇಳಿಕೊಡುತ್ತಿದ್ದಳು.

"ಈ ಮಗು ಬರಿಬಾನಿಯಾದ್ರೆ ನಾನ್ ಉಳೀತೀನಾ ಅಣ್ಣ?" ಅಂದಳು ಹೊಂಬಾಳೆ. ಸಿದ್ರಾಮಪ್ಪನ ಹೆಸರನ್ನು ಯಾರೂ ಎತ್ತಲಿಲ್ಲ. ಅವನ ಗಾಣ ಎದುರಿಗೇ ಬಾಗಿಲು ಹಾಕಿಕೊಂಡು ನಿಂತಿತ್ತು, ಎತ್ತುವ ಅಗತ್ಯವೂ ಇರಲಿಲ್ಲ.

ಚಾರುಮತಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಇದು ತಾನಾಗಿ ಲೋಳೆ ಕಟ್ಟೋಷ್ಟು ತ್ರಾಣ ಉಳಿದಿಲ್ಲ. ಬೇರೆ ಮೀನಿನ ಲೋಳೆ ಬೇಕು. ವಯಸ್ಸಾದ್ದು, ತುಂಬ ಕಾಯಿಲೆ ಕಂಡು ಗೆದ್ದಿದ್ದು. ಅಂಥ ಮೀನಿನ ಜೊತೆ ಒಂದೇ ನೀರಲ್ಲಿ ಬಿಟ್ಟರೆ ಒಂದು ದಾರಿ ಇದೆ. ಊರಲ್ಲಿ ಉಜ್ಜದೇ ಇರೋ ಮೀನು ಒಂದಾದರೂ ಇದೆಯಾ?"

ಬೋರಲಿಂಗ ನೆಲ ನೋಡುತ್ತಿದ್ದವನು ನಿಧಾನವಾಗಿ ತಿರುಗಿ ಹಿತ್ತಲ ಕಡೆ ನಡೆದ. ನಾವು ಹಿಂದೆ ಹೋದೆವು. ಬಚ್ಚಲ ಪಕ್ಕ, ಇದ್ದಿಲ ಚೀಲಗಳ ಹಿಂದೆ ಒಂದು ಬಾನಿ, ಅದರ ಮೇಲೊಂದು ಹಲಗೆ. ಹಲಗೆಯ ಒಂದು ಮೂಲೆಯಲ್ಲಿ ಕೈ ತೂರಿಸಿ ಬೊಗಸೆ ನೀರು ತೆಗೆಯುವಷ್ಟು ಸಂದಿ.

"ಯಾರ್ದಿದು?" ಅಂದೆ.

"ನಂದೇ ಬಾವ. ಊರೋರ್ದೆಲ್ಲ ಉಜ್ಜೋದ್ರಲ್ಲಿ ಇದ್ಕೆ ಪುರಸೊತ್ತಾಗ್ಲಿಲ್ಲ. ಡಾಕ್ಟ್ರಮ್ಮ ನೋಡ್ಬುಟ್ಟಾರು ಅಂತ ಮುಚ್ಚಿಟ್ಟಿದ್ದೆ." ಹಲಗೆಯ ಮೇಲಿನ ಇದ್ದಿಲ ಪುಡಿ ಕೊಡವುತ್ತ ಅಂದ, "ಬಾಳಾ ವರ್ಸದಿಂದ್ಲೂ ಮುಚ್ಚೇ ಇಟ್ಟಿದ್ದೆ ಅನ್ನು. ನೋಡಕ್ಕಾಗಲ್ಲ ಅದನ್ನ."

ಹಲಗೆ ಸರಿಸಿದ. ನಿಜ, ನೋಡಲಾಗುತ್ತಿರಲಿಲ್ಲ. ತೋಳುದ್ದದ ಗೆಂಡೆ, ಹರಿದ ಮೀಸೆ, ಬೆನ್ನ ಮೇಲೆ ಹಳೆಯ ಹುಣ್ಣುಗಳ ಗುರುತು. ಇಡೀ ಮೈ ಗೋಂದಿನಲ್ಲಿ ಅದ್ದಿ ತೆಗೆದ ಹಾಗೆ. ಬೆಳಕು ಬಿದ್ದದ್ದಕ್ಕೆ ಅದು ಕದಲಲಿಲ್ಲ, ಒಂದು ಕಣ್ಣು ಮಾತ್ರ ಮೇಲೆ ಹೊರಳಿಸಿತು. ಚಾರುಮತಿ ಮಂಡಿಯೂರಿ ಕೂತು ಅದರ ಮೈ ಸವರಿದರು. ಅವರ ಬೆರಳಿನಿಂದ ಲೋಳೆ ದಾರದ ಹಾಗೆ ಇಳಿಯಿತು. ಬಂದ ಮೇಲೆ ಮೊದಲ ಸಲ ಅವರ ಮುಖ ಅರಳಿದ್ದನ್ನು ನೋಡಿದೆ.

"ಎಂಥ ಮೀನು! ಏನೇನು ಕಾಯಿಲೆ ಕಂಡಿದೆ ಇದು?"

"ನಂಗೇನ್ ಗೊತ್ತು? ನೋಡ್ದೋನೇ ಅಲ್ಲ," ಅಂದ ಬೋರಲಿಂಗ.

ಊರಿನಲ್ಲಿ ಗಂಡಹೆಂಡಿರ ಮೀನು ಬಿಟ್ಟರೆ ಇನ್ಯಾರದನ್ನೂ ಒಂದೇ ಬಾನಿಯಲ್ಲಿ ಬಿಡುವ ರೂಢಿಯಿಲ್ಲ. ನೀರು ಒಂದಾದರೆ ಕಾಯಿಲೆಯೂ ಒಂದಾಗುತ್ತದೆ. ಆಮೇಲೆ ಯಾರ ಜ್ವರವನ್ನು ಯಾರ ಮೀನು ಹೊರುತ್ತದೆ ಅಂತ ಹೇಳುವ ಹಾಗಿಲ್ಲ. ಹೊಂಬಾಳೆಗೆ ಅದೇ ದಿಗಿಲು. "ಎಲ್ಡು ಹೊರೆನೂ ಇವ್ರು ಮೀನಿನ್ ಮೇಲೆ ಬಿದ್ದು ಅದು ಸತ್ರೆ?" ಅಂದಳು.

"ಸಾಯಬಹುದು," ಅಂದರು ಚಾರುಮತಿ. "ಸುಳ್ಳು ಹೇಳಲ್ಲ. ವಯಸ್ಸಾಗಿದೆ."

ಬೋರಲಿಂಗ ಆಗಲೇ ಎರಡೂ ತೋಳು ನೀರಿಗಿಳಿಸಿದ್ದ. ಮೀನನ್ನು ಎದೆಗೆ ಅವುಚಿಕೊಂಡು ಮನೆಯ ನಡುವೆಯೇ ಹಾದು ಜಗಲಿಗೆ ತಂದ. ಅಂಗಿಯ ಮೇಲೆಲ್ಲ ಲೋಳೆ. ಜೀವಮಾನದಲ್ಲಿ ಮೊದಲ ಸಲ ಅವನು ಅದನ್ನು ಒರೆಸಿಕೊಳ್ಳಲಿಲ್ಲ.

ದೊಡ್ಡ ಮೀನು ಬಾನಿಯಲ್ಲಿ ಒಂದು ಸುತ್ತು ಹಾಕಿ ಸಣ್ಣದರ ಪಕ್ಕ ಹೋಗಿ ನಿಂತಿತು. ಮೈಗೆ ಮೈ ತಾಗಿಸಿ ನಿಂತದ್ದು ಅಲ್ಲಾಡಲಿಲ್ಲ. ಮಾರನೆಯ ದಿನ ಸಣ್ಣದು ಬಾಯಿಯಿಂದ ಅದರ ಪಕ್ಕೆಯನ್ನು ಮೆಲ್ಲಗೆ ಕಚ್ಚಿ ಲೋಳೆ ತಿನ್ನುತ್ತಿತ್ತು. ದೊಡ್ಡದು ಸುಮ್ಮನೆ ಕಿವಿರು ಆಡಿಸುತ್ತಿತ್ತು, ಎಮ್ಮೆ ಕರುವಿಗೆ ನಿಂತ ಹಾಗೆ. ನೀರು ಗಂಜಿಯ ಹಾಗೆ ಮಂದವಾಯಿತು. ಅಪ್ಪ ಮಗಳು ಇಬ್ಬರೂ ಅದೇ ನೀರಿನಲ್ಲಿ ಮುಖ ತೊಳೆದರು. ತುಂಗಿ ಎರಡರ ಮಗ್ಗಿ ಮುಗಿಸಿ ಮೂರರದ್ದು ಹಿಡಿದಳು, ಈಗ ಇಬ್ಬರು ಕೇಳುವವರಿದ್ದರಲ್ಲ.

ಸಣ್ಣದರ ಮಚ್ಚೆ ಮಾಯಿತು, ಮೈಮೇಲೆ ತೆಳ್ಳಗೆ ಒಂದು ಪೊರೆ ಕಟ್ಟಿತು. ದೊಡ್ಡದರ ಮೈ ಒಣಗುತ್ತ ಬಂತು, ಕಲಾಯಿ ಹೋದ ಹಿತ್ತಾಳೆ ಪಾತ್ರೆಯ ಹಾಗೆ. ಬೋರಲಿಂಗ ಅಂಥ ಪಾತ್ರೆಗಳನ್ನು ಎಷ್ಟೋ ಕಂಡವನು. ಇದಕ್ಕೆ ಮಾತ್ರ ಅವನ ಹತ್ತಿರ ತವರವಿರಲಿಲ್ಲ. ದಿನಾ ಅದರ ಪಕ್ಕ ಕೂತು, ಒಂದೊಂದೇ ಮಂಡಕ್ಕಿ ತಿನ್ನಿಸಲು ನೋಡುತ್ತಿದ್ದ. ತಿನ್ನಲಿಲ್ಲ. ಸಣ್ಣ ಮೀನು ನೀರಿನಿಂದ ಮೇಲೆ ಹಾರಿ ತುಂಗಿಯ ಮುಖಕ್ಕೆ ನೀರು ಚಿಮ್ಮಿಸಿದ ಬೆಳಿಗ್ಗೆ, ದೊಡ್ಡದು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ತುಂಗಿ ನಗುವುದೋ ಅಳುವುದೋ ತಿಳಿಯದೆ ಅಪ್ಪನ ಮುಖ ನೋಡಿದಳು. ಬೋರಲಿಂಗ ಮೀನನ್ನು ಎತ್ತಿಕೊಂಡು ಚಾರುಮತಿಯವರ ಬಿಡಾರಕ್ಕೆ ಹೋದ. ನಾನೂ ಜೊತೆಗೆ ಹೋದೆ.

"ನೀವ್ ಬಾಯ್ಬಿಟ್ ಕೇಳ್ಲಿಲ್ಲ. ಆದ್ರೆ ಇಂಥದ್ದು ಬೇಕು ಅಂತ್ಲೇ ತಾನೆ ನೀವ್ ಬಂದಿದ್ದು?" ಅಂದ. "ತಗಳಿ. ಅದು ಏನೇನ್ ಕಂಡಿತ್ತೋ ನೋಡಿ ನಂಗೆ ಹೇಳಿ."

ಆಕೆ ಎರಡೂ ಕೈಯಲ್ಲಿ ಇಸಿದುಕೊಂಡರು.

ಮರುದಿನ ಬೆಳಿಗ್ಗೆ ಬೀದಿಯವರೆಲ್ಲ ಯಾವುದಾದರೂ ಒಂದು ನೆಪ ಮಾಡಿಕೊಂಡು ಬೋರಲಿಂಗನ ಮನೆ ಮುಂದೆ ಇದ್ದರು. ಅವನು ಎಲ್ಲಿ ಮುಖ ತೊಳೆಯುತ್ತಾನೆ ಅನ್ನುವುದೇ ಪ್ರಶ್ನೆ. ನೀರು ಹೇಗೂ ಒಂದಾಗಿತ್ತು. ಮಗಳ ಬಾನಿಯಲ್ಲೇ ತೊಳೆದರೆ ಅವನ ಕಾಯಿಲೆಯನ್ನೂ ಆ ಸಣ್ಣ ಮೀನೇ ಹೊರುತ್ತಿತ್ತು. ಅಧ್ಯಕ್ಷರು ಹಿಂದಿನ ದಿನವೇ ಒಪ್ಪಿಗೆ ಕೊಟ್ಟಿದ್ದರು. ಬೋರಲಿಂಗ ಬಾನಿಯ ಹತ್ತಿರ ಬಂದು ಬಗ್ಗಿದ. ಮೀನು ಮೇಲೆ ಬಂದು ಅವನ ಕಡೆಗೆ ಬಾಯಿ ತೆರೆಯಿತು. ಅವನು ಸ್ವಲ್ಪ ಹೊತ್ತು ಹಾಗೆಯೇ ಬಗ್ಗಿದ್ದು, ನೆಟ್ಟಗಾಗಿ, ಬೀದಿ ನಲ್ಲಿಗೆ ಹೋಗಿ ಮುಖ ತೊಳೆದುಕೊಂಡ.

ಹೊಂಬಾಳೆ ಬೀದಿಯೆನ್ನದೆ ಕಿರುಚಿದಳು. "ನಿಮ್ಗೇನ್ ತಲೆ ಕೆಟ್ಟೈತಾ? ಮಗು ಅಪ್ಪ ಇಲ್ದೋಳಾಗ್ಬೇಕಾ?"

"ನೆನ್ನೆ ಎದ್ದೈತೆ ಕಣೇ ಅದು," ಅಂದ ಬೋರಲಿಂಗ. "ನೆನ್ನೆ ಎದ್ದಿರೋದ್ರ ಬೆನ್ ಮ್ಯಾಲೆ ನಾನ್ ಹತ್ಲಾ?"

ಹೊಸ ಮರಿಯೊಂದನ್ನು ಬಿಡಬಹುದಲ್ಲ ಅಂದಿರಾ? ಮಗುವಾಗಿದ್ದಾಗ ಸಿಕ್ಕಿದ್ದೇ ಮೀನು. ಅದರ ಮೇಲೆ ಹಿಡಿದು ತಂದದ್ದೆಲ್ಲ ಬರಿಯ ಸಾರಿನ ಮೀನು. ಸಿದ್ರಾಮಪ್ಪ ಬಾನಿ ತುಂಬ ಬಿಟ್ಟು ನೋಡಿದ್ದ.

ನೆಗಡಿ ಊರಿನಲ್ಲಿ ಇನ್ನೂ ಸುತ್ತುತ್ತಲೇ ಇತ್ತು. ಒಂದು ಮಧ್ಯಾಹ್ನ ಬೋರಲಿಂಗ ನನ್ನ ಅಂಗಡಿಯಲ್ಲಿ ಕೂತು ಗಂಟೆ ಉಜ್ಜುತ್ತಿದ್ದವನು ಇದ್ದಕ್ಕಿದ್ದ ಹಾಗೆ ಕೈ ನಿಲ್ಲಿಸಿದ.

"ಬಾವ, ಮೂಗಿನೊಳ್ಗೆ ಯಾರೋ ನಡೀತಾವ್ರೆ."

ಅವನನ್ನು ಮನೆಗೆ ಕರೆತಂದೆ. ಸುವರ್ಣಳಿಗೆ ಹೇಳಿಕಳಿಸಿದೆವು, ಊರಿನಲ್ಲಿ ಅನುಭವಸ್ಥೆ ಆಕೆಯೇ. ಕೈಯ ಹಿಟ್ಟು ಕೂಡ ತೊಳೆಯದೆ ಓಡಿ ಬಂದಳು. ಬೋರಲಿಂಗ ಕಣ್ಣು ಕೆಂಪಗೆ ಮಾಡಿಕೊಂಡು, ಮೂಗು ಹಿಡಿದುಕೊಂಡು, ಬರುತ್ತಿದ್ದುದನ್ನು ಒಳಗೇ ಒತ್ತಿ ಇಟ್ಟುಕೊಂಡಿದ್ದ.

"ಹಿಡೀಬ್ಯಾಡ ಅಣ್ಣ, ಬಿಟ್ಬುಡು. ಬಾಯಿ ತಕ್ಕ. ತಲೆ ಹಿಂದಕ್ಕೆ. ಹಾಂ, ಈಗ ಬುಡು!"

ಬಿಟ್ಟ. ಗೂಡಿನ ಪಾತ್ರೆಗಳು ಸದ್ದು ಮಾಡಿದವು. ಹೊರಗೆ ಮಕ್ಕಳೆಲ್ಲ ಸೇರಿದ್ದವು. ಒಂದೂ ಚಪ್ಪಾಳೆ ತಟ್ಟಲಿಲ್ಲ.

ಸಂಜೆಗೆ ಮೈ ಕಾಯಿತು. ಸರ್ಕಾರಿ ಡಾಕ್ಟರು ಪೆಟ್ಟಿಗೆಯಿಂದ ಜಿರಳೆ ಕೊಡವಿ ಎದೆ ನೋಡುವ ನಳಿಕೆ ತಂದರು. ನಮ್ಮೂರಿನಲ್ಲಿ ಜ್ವರ ಅಂತ ಅವರಿಗೆ ಸಿಕ್ಕ ಮೊದಲ ರೋಗಿ. ಚೀಟಿಯನ್ನು ಎರಡೆರಡು ಸಲ ಓದಿ ನೋಡಿ, ಮಾತ್ರೆ ಸರಿಯಾದದ್ದನ್ನೇ ಕೊಟ್ಟರು. ಚಾರುಮತಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, "ಈ ಮೈಗೆ ಒಂದು ಕಾಯಿಲೆಯ ಗುರುತೂ ಇಲ್ಲ. ನಲವತ್ತು ದಾಟಿದ ಎಳೆ ಕೂಸು ಇವರು. ಎಲ್ಲ ಮೊದಲಿಂದ ಕಲೀಬೇಕು. ಕಲಿಯೋಷ್ಟು ದಿನ ತಡ್ಕೊಂಡ್ರೆ ಸಾಕು."

ಬೋರಲಿಂಗನಿಗೆ ಹೆದರಿಕೆ ಅನ್ನುವುದಕ್ಕಿಂತ ಆಶ್ಚರ್ಯ. ನಡುಕ ಬಂದರೆ ತನ್ನ ಕೈಯನ್ನೇ ಹಿಡಿದು ನೋಡಿಕೊಳ್ಳುತ್ತಿದ್ದ. "ಗಂಟಲಲ್ಲಿ ನಾರು ಹಾಕಿ ಉಜ್ತಾವ್ರೆ ಬಾವ," ಅನ್ನುತ್ತಿದ್ದ. ಕಂಬಳಿ ಹೊದಿಸಿದರೂ ಸಾಲದು. ಎರಡನೆಯ ದಿನ ಬೆಳಿಗ್ಗೆ ನಾವು ನೋಡುತ್ತಿದ್ದಂತೆಯೇ ಹಾಸಿಗೆಯಿಂದ ಜಾರಿ, ಗೋಡೆ ಹಿಡಿದು, ಹೊಸಲು ದಾಟಿ, ಬಿಸಿಲು ಬಿದ್ದು ಕಾದಿದ್ದ ಜಗಲಿ ಕಲ್ಲಿನ ಮೇಲೆ ವಾರೆಯಾಗಿ ಮಲಗಿಬಿಟ್ಟ. ಹೊಂಬಾಳೆ ಒಳಗೆ ಎಳೆಯಲು ಹೋದಳು.

"ಬಿಡಿ, ಹೊಂಬಾಳಮ್ಮ," ಅಂದರು ಚಾರುಮತಿ. "ಅವರ ಮೈ ಕೇಳ್ತಾ ಇದೆ, ಮಲಗಲಿ. ತಲೆಗೆ ಮಾತ್ರ ನೆರಳು ಮಾಡಿ."

ಒಂದು ಮಾರು ದೂರದಲ್ಲಿ ತುಂಗಿಯ ಬಾನಿ. ತುಂಗಿ ಮೂರರ ಮಗ್ಗಿಯನ್ನು ನಿಲ್ಲಿಸಿ ನಡುವೆ ಕೂತಿದ್ದಳು, ಒಂದು ಕೈ ಬಾನಿಯ ಅಂಚಿನಲ್ಲಿ, ಒಂದು ಕೈ ಅಪ್ಪನ ಪಾದದ ಮೇಲೆ. ಆ ಕೈಯಿಂದ ಈ ಕೈಗೆ ಏನಾದರೂ ಹರಿದೀತೆಂದು ಹೊಂಬಾಳೆ ಒಳಗೊಳಗೇ ಆಸೆಪಟ್ಟಳೋ ಏನೋ, ಮಗಳನ್ನು ಎಬ್ಬಿಸಲಿಲ್ಲ. ಬೋರಲಿಂಗನೇ ಕಾಲು ಎಳೆದುಕೊಂಡ.

ಚಾರುಮತಿ ಅವನ ತಲೆಯ ಹತ್ತಿರ ಕೂತರು. "ಬೋರಲಿಂಗಪ್ಪ, ನಿಮ್ಮ ಮೀನು ನೋಡಿದೆ. ಕೇಳ್ತೀರಾ?"

ಅವನು ಕಣ್ಣು ತೆರೆದ.

"ಮೀನಿಗೆ ರಕ್ತ ತಯಾರಾಗೋದು ಮೂಳೆಯೊಳಗಲ್ಲ, ಮೂತ್ರಪಿಂಡದ ತಲೆ ಕಡೆ. ಬಂದ ಕಾಯಿಲೆ ಎಲ್ಲದರ ನೆನಪೂ ಅಲ್ಲೇ ಇರುತ್ತೆ. ನಿಮಗೆ ಚಿಕ್ಕವರಿದ್ದಾಗ ಅಮ್ಮ ಆಗಿತ್ತು, ಗೊತ್ತಾ?"

"ಇಲ್ಲ."

"ಆಗಿತ್ತು. ಜೋರಾಗೇ ಆಗಿತ್ತು. ಆಮೇಲೆ ಒಂದು ಸಲ ವಿಷಮಶೀತ ಜ್ವರ ಬಂದಿತ್ತು. ತಿಂಗಳುಗಟ್ಟಲೆ ಮಲಗಿಸೋ ಅಂಥದ್ದು. ಎಲ್ಲೋ ದೂರ ಹೋಗಿ ಕೆಟ್ಟ ನೀರು ಕುಡಿದಿದ್ರಾ?"

ಬೋರಲಿಂಗ ಬೆರಳು ಮಡಚಿ ವರ್ಷ ಎಣಿಸಿದ. "ಮದ್ವೆಗೆ ಮುಂಚೆ. ಊರೂರು ತಿರುಗಿ ಕಲಾಯಿ ಹಾಕ್ತಿದ್ದೆ. ಮಳೆಗಾಲ ಮುಗೀಲಿ ಅಂತ ಊರಿಗೆ ಬಂದು... ಆ ವರ್ಸ ಚೆನ್ನಾಗ್ ದುಡಿದಿದ್ದೆ ನಾನು. ಒಂದಿನ ಮಲಗ್ಲಿಲ್ಲ." ಕಲ್ಲಿನ ಮೇಲೆ ಮೊಣಕೈ ಊರಿದ. "ಆ ವರ್ಸವೇ ನಾನು ಹಲಗೆ ಮುಚ್ಚಿದ್ದು. ನಾತ ಹೊಡೀತದೆ, ಮೈಮ್ಯಾಲೆಲ್ಲ ಹುಣ್ಣಾಗೈತೆ, ನೋಡಕ್ಕಾಗಲ್ಲ ಅಂತ."

ಬೋರಲಿಂಗ ಕಾದ ಕಲ್ಲಿನ ಮೇಲೆ ಕೆನ್ನೆ ಇಟ್ಟುಕೊಂಡ. ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು, ನೆಗಡಿಯದ್ದೂ ಇರಬಹುದು.

"ಕತ್ಲಲ್ಲಿ ಮಲಗಿತ್ತಲ್ಲ ಬಾವ," ಅಂದ ನನ್ನ ಕಡೆ ತಿರುಗಿ. "ಬಿಸಿಲೂ ಬೀಳ್ದಂಗೆ ಮುಚ್ಬುಟ್ಟಿದ್ನಲ್ಲ. ಹೆಂಗ್ ತಡ್ಕಂತೋ."

ಆಮೇಲೆ ಅವನು ಕಣ್ಣು ಮುಚ್ಚಿದ. ಮೈಯ ಕಾವು ಏರುತ್ತ ಹೋಯಿತು. ಸರ್ಕಾರಿ ಡಾಕ್ಟರು ಚೌಕಾಬಾರದ ಕವಡೆಗಳನ್ನು ಜೇಬಿನಲ್ಲಿ ಸುಮ್ಮನೆ ಉರುಳಿಸುತ್ತ ಜಗಲಿಯ ತುದಿಯಲ್ಲಿ ಕೂತುಬಿಟ್ಟರು. ಹೊಂಬಾಳೆ ಚಮಚದಲ್ಲಿ ಗಂಜಿ ಬಿಟ್ಟಳು. ಬೀದಿಯವರು ಒಬ್ಬೊಬ್ಬರೇ ಬಂದು ನೋಡಿ, ಏನು ಹೇಳಬೇಕೆಂದು ತಿಳಿಯದೆ ಹೋದರು. ಕಾಯಿಲೆಯವರನ್ನು ಮಾತಾಡಿಸುವ ಮಾತು ನಮ್ಮೂರಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ಸುವರ್ಣ ಮಾತ್ರ ಬಂದು, "ಈಗ ಹೆಂಗದೆ ಅಣ್ಣ? ವಸಿ ವಾಸಿನಾ?" ಅಂದಳು. ಆ ಮಾತನ್ನು ಉಳಿದವರು ಕಲಿತುಕೊಂಡು ಹಿಂತಿರುಗಿ ಬಂದು ಸಾಲಾಗಿ ಕೇಳಿದರು.

ಯಾವಾಗ ತಿರುಗಿತೋ ಹೇಳಲಾರೆ. ಒಂದು ಬೆಳಿಗ್ಗೆ ಅವನ ಹಣೆ ಮುಟ್ಟಿದ ಹೊಂಬಾಳೆ ಕೈ ತೆಗೆದು, ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಮುಟ್ಟಿದಳು. ಬೆವರು. ನಮಗೆ ಬೆವರು ಅಂದರೆ ದುಡಿದಾಗ ಬರುವಂಥದ್ದು, ಮಲಗಿದ್ದವನಿಗೆ ಯಾಕೆ ಬಂತೆಂದು ಗಾಬರಿಯಾಯಿತು. ಚಾರುಮತಿ ಓಡಿ ಬಂದು ನೋಡಿ ಜಗಲಿಯ ಮೇಲೆ ಕುಸಿದು ಕೂತು ನಕ್ಕರು. ಬೋರಲಿಂಗ ಕಣ್ಣು ಬಿಟ್ಟು ಮಂಡಕ್ಕಿ ಕೇಳಿದ.

ಚಾರುಮತಿ ಪೆಟ್ಟಿಗೆ ಕಟ್ಟಿಕೊಂಡು ಹೊರಟಾಗ ಊರಿಗೆ ಊರೇ ಬಸ್ಸಿನ ತನಕ ಹೋಯಿತು. ಈಗ ನಮ್ಮೂರಿನಲ್ಲಿ ಮೀನು ಉಜ್ಜುವವರಿಲ್ಲ. ಯಾರ ಮೀನು ಹೆಚ್ಚು ಅಂಟುತ್ತದೆ ಅನ್ನುವುದರಲ್ಲಿ ಪೈಪೋಟಿ ಶುರುವಾಗಿದೆ, ಅದು ಬೇರೆ ಕಥೆ. ಬೋರಲಿಂಗ ಕಲಾಯಿ ಹಾಕಿಕೊಂಡಿದ್ದಾನೆ. ಮಳೆಗಾಲಕ್ಕೊಂದು ನೆಗಡಿ ಬರುತ್ತದೆ, ಹಿಂದಿನದಕ್ಕಿಂತ ಒಂದು ದಿನ ಬೇಗ ಹೋಗುತ್ತದೆ. ಮಕ್ಕಳು ಈಗ ಸುವರ್ಣಳನ್ನು ಬಿಟ್ಟು ಅವನ ಮುಂದೆ ಕೂರುತ್ತವೆ. ತುಂಗಿ ಮುಂದಿನ ಸಾಲಿನಲ್ಲಿ ಕೂತು, "ನಮ್ಮಪ್ಪ! ನಮ್ಮಪ್ಪಂದು!" ಅಂತ ಎಲ್ಲರಿಗೂ ಹೇಳುತ್ತಾಳೆ.

ಅವನ ಹಳೆಯ ಬಾನಿಯನ್ನು ಹಿತ್ತಲಿನಿಂದ ಎತ್ತಿಸಿ ತಂದು ಮಗಳ ಬಾನಿಯ ಪಕ್ಕದಲ್ಲಿ, ಬಿಸಿಲು ಬೀಳುವ ಕಡೆ ಇಡಿಸಿದ್ದಾನೆ. ಹಲಗೆಯನ್ನು ತಿದಿಯ ಒಲೆಗೆ ಹಾಕಿದ. ಬಾನಿಯಲ್ಲಿ ಏನೂ ಇಲ್ಲ, ಆದರೂ ದಿನಾ ನೀರು ಬದಲಾಯಿಸುತ್ತಾನೆ, ನಾಲ್ಕು ಮಂಡಕ್ಕಿ ಹಾಕುತ್ತಾನೆ. ಮುಖ ಮಾತ್ರ ನಲ್ಲಿಯಲ್ಲೇ ತೊಳೆಯುತ್ತಾನೆ, ಒಂದು ದಿನವೂ ತಪ್ಪಿಸಿಲ್ಲ.

ಆದರೂ ಅವನು ಸೀನಿದ ದಿನ ತುಂಗಿಯ ಮೀನು ಬಾನಿಯ ಆ ಬದಿಗೆ, ಖಾಲಿ ಬಾನಿಯ ಕಡೆಯ ಕಲ್ಲಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ವಾರೆಯಾಗಿ ನಿಲ್ಲುತ್ತದೆ. ನಾನು ಇದನ್ನು ಚಾರುಮತಿಯವರಿಗೆ ಬರೆದಿದ್ದೆ. ಇದಕ್ಕೆ ಯಾವ ಆಧಾರವೂ ಇಲ್ಲ ಅಂತ ಉತ್ತರ ಬಂತು. ಬೋರಲಿಂಗನಿಗೆ ಓದಿ ಹೇಳಿದೆ. ಅವನು ಮೂಗು ಒರೆಸಿಕೊಂಡು, ಬಾನಿಯ ಕಡೆ ನೋಡಿ, "ಹೋಗೇ ಆ ಕಡೆ, ನಂದು ನಾನ್ ನೋಡ್ಕತೀನಿ" ಅಂದ. ಅದು ಹೋಗಲಿಲ್ಲ.